ಅಮಿಗಾ ವರ್ಕ್‌ಬೆಂಚ್ ಮತ್ತು ಅಟಾರಿ ಎಸ್‌ಟಿ: ಡೆಸ್ಕ್‌ಟಾಪಿನಲ್ಲಿ ಮಾಡಿದ ಬದಲಾವಣೆ ಉಳಿಯುವುದು ಎಲ್ಲಿ?

ಪ್ರಶ್ನೆ

1985ರಲ್ಲಿ ಬಂದ ಅಮಿಗಾ ಮತ್ತು ಅಟಾರಿ ಎಸ್‌ಟಿ ಗಣಕಗಳನ್ನು ಎಮ್ಯುಲೇಟರಿನಲ್ಲಿ (ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶದಲ್ಲಿ) ನಡೆಸುತ್ತ, ಎರಡರ ಡೆಸ್ಕ್‌ಟಾಪನ್ನೂ ನನಗೆ ಬೇಕಾದಂತೆ ಹೊಂದಿಸಲು ತೊಡಗಿದ್ದೇನೆ. ಅಟಾರಿಯಲ್ಲಿ ‘ಸೇವ್ ಡೆಸ್ಕ್‌ಟಾಪ್’ ಆಯ್ದುಕೊಂಡರೆ ಕೆಲಸ ಮುಗಿಯುತ್ತದೆ. ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ 1.3ರಲ್ಲಿ ಮಾತ್ರ ಐಕಾನ್‌ಗಳನ್ನು ಎಷ್ಟು ಸಲ ಸರಿಸಿಟ್ಟರೂ ಮತ್ತೆ ಬೂಟ್ ಮಾಡಿದಾಗ ಹಳೆಯ ಜಾಗದಲ್ಲೇ ಕಾಣುತ್ತವೆ. ನಕಲಿಸಿ ಹಾಕಿದ ಕೆಲವು ಫೈಲ್‌ಗಳಂತೂ ವಿಂಡೋದಲ್ಲಿ ಕಾಣುವುದೇ ಇಲ್ಲ. ಹೀಗಿದ್ದರೂ ಅಮಿಗಾದಲ್ಲೇ ಹೆಚ್ಚು ಸ್ವಾತಂತ್ರ್ಯವಿದೆ ಎಂದು ಹಲವರು ಹೇಳುವುದೇಕೆ?

ಉತ್ತರ 1

ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ವರ್ಕ್‌ಬೆಂಚಿನಲ್ಲಿ ಐಕಾನಿನ ಚಿತ್ರ, ಅದರ ಸ್ಥಾನ, ಅದನ್ನು ತೆರೆಯಬೇಕಾದ ಪ್ರೋಗ್ರಾಮಿನ ಹೆಸರು ಇವೆಲ್ಲ ಆಯಾ ಫೈಲಿನ ಜೊತೆಗಿರುವ ‘.ಇನ್ಫೊ’ ಎಂಬ ಪ್ರತ್ಯೇಕ ಫೈಲಿನಲ್ಲಿರುತ್ತವೆ. ಅದಿಲ್ಲದ ಫೈಲನ್ನು 1.3 ತೋರಿಸುವುದಿಲ್ಲ, ಎಲ್ಲ ಫೈಲ್‌ಗಳನ್ನೂ ತೋರಿಸುವ ಆಯ್ಕೆ ಬಂದದ್ದು 2.0ರಲ್ಲಿ. ಐಕಾನನ್ನು ಸರಿಸಿದ ಮೇಲೆ ಅದನ್ನು ಆಯ್ದು, ‘ಸ್ಪೆಷಲ್’ ಮೆನುವಿನಲ್ಲಿರುವ ‘ಸ್ನ್ಯಾಪ್‌ಶಾಟ್’ ಒತ್ತಿದರೆ ಮಾತ್ರ ಹೊಸ ಸ್ಥಾನ ಆ ಫೈಲಿಗೆ ಬರೆಯಲ್ಪಡುತ್ತದೆ. ಫ್ಲಾಪಿಯ ಇಮೇಜ್ (ಎಮ್ಯುಲೇಟರು ಫ್ಲಾಪಿಯೆಂದು ಬಳಸುವ ಫೈಲು) ಬರೆಯಲು ಬಾರದಂತೆ ಲಾಕ್ ಆಗಿದ್ದರೆ ಅದೂ ಫಲಿಸದು.

ಈ ಏರ್ಪಾಡು ತೊಡಕಿನದೆಂಬುದನ್ನು ಒಪ್ಪುತ್ತೇನೆ, ಆದರೆ ನೀವು ಬರೆದ ಐಕಾನು ಫ್ಲಾಪಿಯೊಡನೆ ಬೇರೊಂದು ಯಂತ್ರಕ್ಕೂ ಹೋಗುವುದು ಇದರಿಂದಲೇ ಸಾಧ್ಯವಾಗಿದೆ.

ಉತ್ತರ 2

ಅಟಾರಿಯ ಪರವಾಗಿ ಒಂದು ಮಾತು. ಅಲ್ಲಿ ವಿಂಡೋಗಳ ಜಾಗ, ಡ್ರೈವ್‌ಗಳ ಐಕಾನು, ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂಬುದು ಎಲ್ಲವೂ ‘ಡೆಸ್ಕ್‌ಟಾಪ್.ಐಎನ್‌ಎಫ್’ ಎಂಬ ಒಂದೇ ಪಠ್ಯ ಫೈಲಿನಲ್ಲಿದ್ದು, ಅದರ ಒಂದು ನಕಲನ್ನು ತೆಗೆದಿಟ್ಟುಕೊಂಡರೆ ಇಡೀ ಡೆಸ್ಕ್‌ಟಾಪನ್ನೇ ತೆಗೆದಿಟ್ಟುಕೊಂಡಂತೆ. ಆದರೆ ಐಕಾನಿನ ಚಿತ್ರಗಳು ಓದಲು ಮಾತ್ರ ಬರುವ ಸ್ಮೃತಿಯಲ್ಲಿ (ROM) ಅಚ್ಚಾಗಿದ್ದವು. ಅವುಗಳನ್ನು ಬದಲಿಸುವ ಅನುಕೂಲ ಅಟಾರಿಯ ಕಾರ್ಯಾಚರಣ ವ್ಯವಸ್ಥೆಯಾದ ಟಾಸ್‌ನ 2ನೇ ಆವೃತ್ತಿಯ ಕಾಲದವರೆಗೆ ಬರಲಿಲ್ಲ. 640×400ರ ಕಪ್ಪುಬಿಳುಪು ಮಾನಿಟರಿನ ಮುಂದೆ ದಿನವಿಡೀ ಕುಳಿತು ಬರೆಯುವವರಿಗೆ ಅದೊಂದು ಕೊರತೆಯೆನಿಸಿರಲಾರದು ಎಂಬುದು ನನ್ನ ಅಭಿಪ್ರಾಯ.

ಉತ್ತರ 3

ಬಣ್ಣ ಬದಲಿಸುವ ಮುನ್ನ ಒಂದು ಎಚ್ಚರಿಕೆ. ವರ್ಕ್‌ಬೆಂಚಿನ ಐಕಾನು ಬಣ್ಣವನ್ನಲ್ಲ, ಬಣ್ಣದ ಸಂಖ್ಯೆಯನ್ನು ನೆನಪಿಡುತ್ತದೆ. 1.3ರಲ್ಲಿ 1 ಎಂದರೆ ಬಿಳಿ, 2 ಎಂದರೆ ಕಪ್ಪು, 2.0ರಲ್ಲಿ ಇವೆರಡು ಅದಲುಬದಲಾಗಿವೆ. ಆದ್ದರಿಂದ ಹಳೆಯ ಐಕಾನ್‌ಗಳನ್ನು ಹೊಸದಕ್ಕೆ ಒಯ್ದರೆ ಫೋಟೋದ ನೆಗೆಟಿವ್‌ನಂತೆ ಕಾಣುತ್ತವೆ.

ಪ್ರಶ್ನೆ ಕೇಳಿದವರು

ಫ್ಲಾಪಿ ಇಮೇಜ್ ಲಾಕ್ ಆಗಿತ್ತು. ಅದನ್ನು ತೆರವುಗೊಳಿಸಿ ಸ್ನ್ಯಾಪ್‌ಶಾಟ್ ಮಾಡಿದ ಮೇಲೆ ಐಕಾನ್‌ಗಳು ಇಟ್ಟಲ್ಲೇ ನಿಂತಿವೆ. ಧನ್ಯವಾದಗಳು.