ಹಳೇ ವಾಕಿಜಾಶಿ (ಗಿಡ್ಡ ಜಪಾನಿ ಕತ್ತಿ): ದಾರ ಮಾತ್ರ ಸುತ್ತಿಸಲಾ, ಹಿಡಿಯೇ ಹೊಸದಾ?

ನಗೋಯಾ_ಹುಡುಗ: ಇಲ್ಲೇ ನಗೋಯಾದಲ್ಲಿ ಒಂದು ವಾಕಿಜಾಶಿ ತಗೊಂಡೆ. 45 ಸೆಂಟಿಮೀಟರ್, ಎದೋ ಕಾಲದ್ದಂತೆ. ಹಿಡಿಯ ದಾರ ಹರಿದಿದೆ, ತ್ಸುಬಾ (ಕೈಗೆ ಅಡ್ಡ ಇರುವ ಬಿಲ್ಲೆ) ಲೊಟಲೊಟ ಅನ್ನುತ್ತದೆ. ದಾರ ಸುತ್ತಿಸಿದರೆ ಸಾಕಾ, ಇಡೀ ಹಿಡಿ ಮಾಡಿಸಲಾ? ಮಾಡಿಸಿದವರು ಹೇಳಿ.

ಗಿಫು_ಭಟ್ಟ: ಬರೀ ದಾರ ಅಂತಲೇ ನಾನೂ ಶುರು ಮಾಡಿದ್ದು. 38,000 ಯೆನ್. ದಾರ ಬಿಚ್ಚಿದರೆ ಅಡಿಯಲ್ಲಿ ತೊರಕೆ ಮೀನಿನ ಚರ್ಮ ಸೀಳಿದೆ, ಅದಕ್ಕೆ 22,000. ಚರ್ಮ ತೆಗೆದರೆ ಹೋನೋಕಿ ಮರವೇ ಬಿರುಕು, ಹೊಸ ಮರ ಕೊರೆಯಲು 30,000. ಹಿಡಿ ಗಟ್ಟಿಯಾದ ಮೇಲೆ ಹಬಾಕಿ, ಅಂದರೆ ಅಲಗಿನ ಬುಡದ ಲೋಹದ ಪಟ್ಟಿ, ಸಡಿಲ ಅಂತ ಗೊತ್ತಾಯಿತು, ತಾಮ್ರದ್ದು, 45,000. ಹೊಸ ಹಬಾಕಿ ಹಳೇ ಒರೆಯ ಬಾಯಿಗೆ ಕೂರಲಿಲ್ಲ! ಒರೆ 65,000. ಕೂಡಿಸಿ ನೋಡಿ, 2,00,000. ಕತ್ತಿ ತಗೊಂಡಿದ್ದೇ 1,20,000ಕ್ಕೆ. 14 ತಿಂಗಳು ಕಾದೆ. ಮನೆಯಲ್ಲಿ 80,000 ಅಂತ ಹೇಳಿದ್ದೇನೆ. ಆದರೂ ಬೇಜಾರಿಲ್ಲ, ದಾರದ ಒಂದೊಂದು ತಿರುವಿನ ಕೆಳಗೂ ಕಾಗದದ ಪುಟ್ಟ ಬೆಣೆ ಇಟ್ಟು ಸುತ್ತಿದ್ದಾರೆ, ಒಂದೂ ಜರುಗಲ್ಲ.

ಉಡುಪಿ_ಓಸಾಕಾ: ಭಟ್ರೇ, ನಿಮ್ಮ ತಲೆ ಚೆನ್ನಾಗಿ ಬೋಳಿಸಿದ್ದಾರೆ. ತ್ಸುಬಾ ಅಲ್ಲಾಡಿದರೆ ದಪ್ಪದ ಸೆಪ್ಪಾ (ತ್ಸುಬಾ ಪಕ್ಕದ ವಾಷರ್) ಒಂದು ಹಾಕಿದರೆ ಮುಗೀತು. ನಾನು ಮೆಕುಗಿಯನ್ನೂ, ಅಂದರೆ ಹಿಡಿಯ ಮೊಳೆಯನ್ನೂ, ಮನೆಯಲ್ಲೇ ಮಾಡಿಕೊಂಡೆ, ಹೋಟೆಲಿನ ಮರದ ಊಟದ ಕಡ್ಡಿ ಕೆತ್ತಿ. ಖರ್ಚು ಸೊನ್ನೆ.

ಗಿಫು_ಭಟ್ಟ: ಊಟದ ಕಡ್ಡಿನಾ?! ಅಲಗು ಹಿಡಿಯಿಂದ ಹಾರಿಹೋಗದಂತೆ ತಡೆಯೋದೇ ಆ ಒಂದು ಮೊಳೆ ಸ್ವಾಮಿ. ಒಳ್ಳೇ ಬಿದಿರೇ ಬೇಕು, ಹೊಗೆ ಕುಡಿದ ಹಳೇದಾದರೆ ಇನ್ನೂ ಒಳ್ಳೇದು. ನಿಮ್ಮ ಎದುರು ನಿಂತವರ ಗತಿ ಏನು?

ಮೈಸೂರು_ಮಗ: ಹಿಡಿ ಕಳಚಿದಾಗ ನಕಾಗೋ (ಹಿಡಿಯೊಳಗೆ ಕೂರುವ ಅಲಗಿನ ಬಾಲ) ಮೇಲಿನ ತುಕ್ಕು ಮುಟ್ಟಲೇಬೇಡಿ. ನನಗೆ ಅಸಹ್ಯ ಅನ್ನಿಸಿ ಪಾತ್ರೆ ಉಜ್ಜುವ ಸ್ಟೀಲ್ ಜುಂಗಿನಲ್ಲಿ ತಿಕ್ಕಿ ಬೆಳ್ಳಿ ಥರ ಮಾಡಿಟ್ಟೆ, ಮಾಡಿದವರ ಹೆಸರು ಕೆತ್ತಿದ್ದೂ ಅರ್ಧ ಸವೆಯಿತು. ಎಷ್ಟು ಹೆಮ್ಮೆ ಗೊತ್ತಾ ಆಗ. ಅಂಗಡಿಯವರು ನೋಡಿ ಮಾತೇ ಆಡಲಿಲ್ಲ, ಟೀ ಕೊಟ್ಟು ಕಳಿಸಿದರು. ಕತ್ತಿಯ ವಯಸ್ಸು ಹೇಳೋದೇ ಆ ಕಪ್ಪು ತುಕ್ಕಂತೆ. ಮೂರು ವರ್ಷ ಆಯಿತು, ಈಗ ಅರ್ಧ ಬೆಲೆಗೂ ಯಾರೂ ಕೇಳಲ್ಲ.

ಬಸವನಗುಡಿ_ಇಯಾಯಿದೋ: ಅದಕ್ಕೇ ನಾನು ಇಯಾಯಿತೋ, ಅಂದರೆ ಅಭ್ಯಾಸದ ಕತ್ತಿ, ಇಟ್ಟುಕೊಂಡಿದ್ದೇನೆ. ಸತು-ಅಲ್ಯೂಮಿನಿಯಂ, ಮೊಂಡು ಅಲಗು. ತುಕ್ಕಿಲ್ಲ, ಲವಂಗದ ಎಣ್ಣೆ ಸವರುವ ಗೋಳಿಲ್ಲ.

ಉಡುಪಿ_ಓಸಾಕಾ: ಅದು ಕತ್ತಿನಾ? ಯಕ್ಷಗಾನಕ್ಕೆ ಆದೀತು.

ಬಸವನಗುಡಿ_ಇಯಾಯಿದೋ: ಊಟದ ಕಡ್ಡಿಯವರು ಸುಮ್ನಿರಿ. ಉಡುಪಿಯವರಾಗಿ ಯಕ್ಷಗಾನಕ್ಕೆ ಹೀಗೆ ಅಂತೀರಲ್ಲ, ನಾಚಿಕೆ ಆಗಲ್ವಾ?

ಉಡುಪಿ_ಓಸಾಕಾ: ನಮ್ಮಜ್ಜ ಮೇಳದಲ್ಲಿ ವೇಷ ಕಟ್ಟಿದವರು. ನೀವು ನನಗೆ ಕಲಿಸಬೇಡಿ.

ಗಿಫು_ಭಟ್ಟ: ತಮ್ಮಾ ನಗೋಯಾ, ಇವರ ಜಗಳ ಇರಲಿ. ತೊರೊಕುಶೋ (ಕತ್ತಿಯ ನೋಂದಣಿ ಪತ್ರ) ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ಮಾಲೀಕ ಬದಲಾದ ಪತ್ರ ಕಳಿಸಿದೆಯಾ? ತಗೊಂಡ 20 ದಿನದ ಒಳಗೆ ಹೋಗಬೇಕು.

ನಗೋಯಾ_ಹುಡುಗ: ಇವತ್ತಿಗೆ 26 ದಿನ.