ಸಿನಾಪ್ಸಿಸ್ ವಾಪಸ್ ಬಂದಿದೆ, ಎಲ್ಲಿಂದ ತಿದ್ದಲಿ?

ಕೇಳಿದವರು: ಹಾಸನ, ಸಮಾಜಶಾಸ್ತ್ರ

ಪಿಎಚ್‌ಡಿಗೆ ಕೊಟ್ಟಿದ್ದ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ‘ವ್ಯಾಪ್ತಿ ಸ್ಪಷ್ಟವಿಲ್ಲ, ವಿಧಾನ ಸಾಲದು’ ಎಂಬ ಒಂದೇ ಸಾಲಿನ ಷರಾ ಹೊತ್ತು ವಾಪಸ್ ಬಂದಿದೆ. ಶೀರ್ಷಿಕೆ: ‘ಮಲೆನಾಡಿನ ಕಾಫಿ ತೋಟದ ಕಾರ್ಮಿಕರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’. ಒಟ್ಟು 22 ಪುಟ, 9 ಉದ್ದೇಶ, 6 ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಬೇಕಾದ ಊಹೆ), ಮಾದರಿ, ಅಂದರೆ ಸಂದರ್ಶನಕ್ಕೆ ಆರಿಸುವವರು, 500 ಜನ. ತಿದ್ದಿ ಕೊಡಲು ಒಂದು ತಿಂಗಳಿದೆ. ಬಲ್ಲವರು ದಾರಿ ಹೇಳಿ.

ಮೂಡಿಗೆರೆ, ಅರ್ಥಶಾಸ್ತ್ರ

ಶೀರ್ಷಿಕೆಯಿಂದಲೇ ಶುರು ಮಾಡಿ. ‘ಸ್ಥಿತಿಗತಿ’ ಅನ್ನುವ ಪದದೊಳಗೆ ಕೂಲಿ, ಮನೆ, ಆರೋಗ್ಯ, ಮಕ್ಕಳ ಓದು, ಸಾಲ, ಜಾತಿ ಎಲ್ಲವೂ ಹಿಡಿಸುತ್ತದೆ. ಎಲ್ಲವೂ ಹಿಡಿಸುವ ಪದದಿಂದ ಪ್ರಶ್ನೆ ಹುಟ್ಟುವುದಿಲ್ಲ. ‘ಒಂದು ಅಧ್ಯಯನ’ ಅನ್ನುವುದನ್ನು ಮೊದಲು ಹೊಡೆದುಹಾಕಿ; ಪಿಎಚ್‌ಡಿ ಅಂದಮೇಲೆ ಅದು ಅಧ್ಯಯನವೇ. ‘ಮಲೆನಾಡು’ ಕೂಡ ನಿಮ್ಮ ಕೈಗೆ ಸಿಗುವಷ್ಟು ಚಿಕ್ಕದಲ್ಲ. ಸಕಲೇಶಪುರ, ಮೂಡಿಗೆರೆ ಎರಡು ತಾಲ್ಲೂಕು ಸಾಕು.

ಯಾರು, ಎಲ್ಲಿ, ಯಾವ ಕಾಲದಲ್ಲಿ, ಯಾವುದಕ್ಕೂ ಯಾವುದಕ್ಕೂ ಇರುವ ಸಂಬಂಧ ನೋಡುತ್ತೀರಿ, ಈ ನಾಲ್ಕಕ್ಕೂ ಉತ್ತರ ಶೀರ್ಷಿಕೆಯಲ್ಲೇ ಇರಲಿ. ಉದಾಹರಣೆಗೆ: ‘ಕಾಫಿ ಕುಯ್ಲಿನ ಹಂಗಾಮಿನಲ್ಲಿ ನೇಮಕಾತಿಯ ದಾರಿ ಮತ್ತು ಕೈಗೆ ಬರುವ ಕೂಲಿ: ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳ ವಲಸೆ ಕಾರ್ಮಿಕರು’. ಇದರ ಹಿಂದಿನ ಪ್ರಶ್ನೆ ಸರಳ: ಮೇಸ್ತ್ರಿ (ಕಾರ್ಮಿಕರನ್ನು ಕರೆತರುವ ಮಧ್ಯವರ್ತಿ) ಮೂಲಕ ಮುಂಗಡ ತೆಗೆದುಕೊಂಡು ಬಂದವರಿಗೂ ತಾವಾಗಿಯೇ ತೋಟಕ್ಕೆ ಬಂದವರಿಗೂ, ಕಡಿತವಿಲ್ಲದೆ ಪೂರ್ತಿ ಕೂಲಿ ಸಿಗುವುದರಲ್ಲಿ ವ್ಯತ್ಯಾಸವಿದೆಯೇ? ಇಷ್ಟು ಹೇಳಿದರೆ ಏನು ಅಳೆಯಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

9 ಉದ್ದೇಶಗಳನ್ನು 3ಕ್ಕೆ ಇಳಿಸಿ, ಹೆಚ್ಚೆಂದರೆ 4. ‘ಅರಿಯುವುದು’, ‘ಬೆಳಕು ಚೆಲ್ಲುವುದು’ ಎಂದು ಬರೆಯಬೇಡಿ. ‘ಹೋಲಿಸುವುದು’, ‘ಅಳೆಯುವುದು’, ‘ವರ್ಗೀಕರಿಸುವುದು’ ಎಂದು ಬರೆಯಿರಿ. ‘ಸರ್ಕಾರಕ್ಕೆ ಸಲಹೆ ನೀಡುವುದು’ ಉದ್ದೇಶವಲ್ಲ, ಅದು ಕೊನೆಯ ಅಧ್ಯಾಯದ ಮಾತು.

ಇನ್ನೊಂದು, ‘ಸಣ್ಣ ತೋಟ’ ಎಂದು ಬರೆದರೆ ಯಾರ ಲೆಕ್ಕದಲ್ಲಿ ಸಣ್ಣದು ಅಂತ ಹೇಳಲೇಬೇಕು. ಕಾಫಿ ಮಂಡಳಿಗೆ 10 ಹೆಕ್ಟೇರಿನವರೆಗೂ ಸಣ್ಣ ಬೆಳೆಗಾರರೇ. 1951ರ ತೋಟ ಕಾರ್ಮಿಕ ಕಾಯ್ದೆಯೋ, ತಿದ್ದುಪಡಿಯಾದ ಮೇಲೆ, 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಗೆರೆ ಹಾಕಿಕೊಂಡಿತ್ತು. ಹಾಗಾಗಿ 15 ಕಾರ್ಮಿಕರಿದ್ದ 7 ಹೆಕ್ಟೇರಿನ ತೋಟ ಒಂದು ಲೆಕ್ಕದಲ್ಲಿ ಸಣ್ಣದು, ಇನ್ನೊಂದು ಲೆಕ್ಕದಲ್ಲಿ ಕಾಯ್ದೆಯೊಳಗಿನದಾಗಿತ್ತು. ಇಂಥ ನಾಲ್ಕೈದು ಪದಗಳ ವ್ಯಾಖ್ಯೆ ಅರ್ಧ ಪುಟದಲ್ಲಿ ಬಂದರೆ ‘ವ್ಯಾಪ್ತಿ ಸ್ಪಷ್ಟವಿಲ್ಲ’ ಅನ್ನುವ ಷರಾದ ಅರ್ಧ ಭಾಗ ಅಲ್ಲೇ ಕರಗುತ್ತದೆ.

ಹಾಸನ, ಗ್ರಂಥಾಲಯ

ಹಿಂದಿನ ಅಧ್ಯಯನಗಳ ಸಮೀಕ್ಷೆ ಬಗ್ಗೆ. ಮುಗಿದ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ನೋಡುವುದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಶೋಧಗಂಗೋತ್ರಿ ಇದೆ, ಅಲ್ಲಿ ಒಪ್ಪಿಗೆಯಾದ ಸಿನಾಪ್ಸಿಸ್‌ಗಳೇ ಇರುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಐದನ್ನು ಇಳಿಸಿಕೊಂಡು ನೋಡಿ. ವಿಷಯ ಕದಿಯಲು ಅಲ್ಲ, ಯಾವ ಭಾಗಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ ಎಂದು ತಿಳಿಯಲು.

‘ಇಂಥವರು ಇಂಥ ವರ್ಷ ಹೀಗೆ ಹೇಳಿದ್ದಾರೆ’ ಎಂದು ಮಣಿ ಪೋಣಿಸಿದ ಹಾಗೆ 40 ಪ್ಯಾರಾ ಬರೆದರೆ ಅದು ಸಮೀಕ್ಷೆಯಾಗುವುದಿಲ್ಲ. ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಯಾರು ಮತ್ತು ಯಾವ ವರ್ಷ, ಎಲ್ಲಿ, ಯಾವ ವಿಧಾನ, ಏನು ಕಂಡರು, ಏನು ಬಿಟ್ಟರು. 25 ಅಧ್ಯಯನ ತುಂಬಿದ ಮೇಲೆ ಕೊನೆಯ ಕಾಲಂ ಮೇಲಿನಿಂದ ಕೆಳಗೆ ಓದಿ. ಮತ್ತೆ ಮತ್ತೆ ಬಿಟ್ಟುಹೋಗಿರುವುದೇ ನಿಮ್ಮ ಜಾಗ. ‘ಹಾಸನ ಜಿಲ್ಲೆಯಲ್ಲಿ ಈ ವಿಷಯ ಯಾರೂ ಮಾಡಿಲ್ಲ’ ಅನ್ನುವುದು ಕೊರತೆಯಲ್ಲ. ಕೊಡಗಿನಲ್ಲಿ ಆಗಿರುವುದು ಇಲ್ಲಿ ಬೇರೆ ಥರ ಇರಲು ಕಾರಣವೇನು ಎಂದು ತೋರಿಸಿದರೆ ಮಾತ್ರ ಕೊರತೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಶೇಕಡಾವರೆಗೆ ಇದ್ದರೆ ದಂಡವಿಲ್ಲ. ಉಲ್ಲೇಖ ಚಿಹ್ನೆಯೊಳಗೆ ಹೆಸರು ಸಮೇತ ಕೊಟ್ಟ ಮಾತು, ಗ್ರಂಥಸೂಚಿ ಆ ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸಿ ಹಾಕಿದರೆ ಸಾಫ್ಟ್‌ವೇರ್ ಹಿಡಿಯದೇ ಇರಬಹುದು. ಸಿನಾಪ್ಸಿಸ್ ನೋಡುವ ಸಮಿತಿಯಲ್ಲಿ ಕೂತ ಒಬ್ಬರು ಮೂಲ ಓದಿದ್ದರೆ ಆಯಿತು ಕಥೆ.

ಚಿಕ್ಕಮಗಳೂರು, ಸಂಖ್ಯಾಶಾಸ್ತ್ರ

500 ಎಲ್ಲಿಂದ ಬಂತು? ಸಮಿತಿಯ ಮೊದಲ ಪ್ರಶ್ನೆ ಇದೇ. ‘ದೊಡ್ಡ ಸಂಖ್ಯೆ ಇರಲಿ’ ಅಂತ ಹಾಕಿದ್ದರೆ ತೆಗೆಯಿರಿ.

ಸಾಮಾನ್ಯವಾಗಿ ಬಳಸುವುದು ಯಮಾನೆ ಸೂತ್ರ: ಒಟ್ಟು ಜನಸಂಖ್ಯೆಯನ್ನು, ಅದೇ ಸಂಖ್ಯೆಗೆ ತಪ್ಪಿನ ಅಂಶದ ವರ್ಗ ಗುಣಿಸಿ 1 ಕೂಡಿಸಿದ್ದರಿಂದ ಭಾಗಿಸುವುದು. ನಿಮ್ಮ ಪಟ್ಟಿಯಲ್ಲಿ 1200 ಕಾರ್ಮಿಕರು ಎಂದಿಟ್ಟುಕೊಳ್ಳಿ, ತಪ್ಪು 5 ಶೇಕಡಾ. 1200 ಭಾಗ 4, ಅಂದರೆ 300. ಪಟ್ಟಿ 12,000 ಆದರೂ ಮಾದರಿ 388 ದಾಟುವುದಿಲ್ಲ. ಆದ್ದರಿಂದ ‘ಒಟ್ಟು ಜನರ 10 ಶೇಕಡಾ’ ಅನ್ನುವ ಹಳೆಯ ರೂಢಿಗೆ ಆಧಾರವಿಲ್ಲ.

ಎಡವುವುದು ಮುಂದೆ. ಈ ಸೂತ್ರ ಚೀಟಿ ಎತ್ತಿದ ಹಾಗೆ ಬಿಡಿ ಬಿಡಿಯಾಗಿ ಆರಿಸಿದ ಜನರಿಗೆ. ನೀವು ಆರಿಸುವುದು ಮೊದಲು ತೋಟ, ಆಮೇಲೆ ಅಲ್ಲಿನ ಜನ. ಒಂದೇ ಲೈನಿನಲ್ಲಿ (ತೋಟದ ಸಾಲುಮನೆಯಲ್ಲಿ) ಇರುವವರ ಉತ್ತರ ಒಂದೇ ಥರ ಇರುತ್ತದೆ, ಅದಕ್ಕೆ ಮಾದರಿ ಹಿಗ್ಗಿಸಬೇಕು. ತೋಟಕ್ಕೆ 10 ಜನ, ಒಳಗಿನ ಸಾಮ್ಯ (ಒಂದೇ ತೋಟದವರ ಉತ್ತರ ಎಷ್ಟು ಹೋಲುತ್ತದೆ ಅನ್ನುವ ಅಳತೆ) 0.05 ಎಂದು ಹಿಡಿದರೆ ಹಿಗ್ಗಿಸುವ ಗುಣಕ, 9ನ್ನು 0.05ರಿಂದ ಗುಣಿಸಿ 1 ಕೂಡಿಸಿ, 1.45, 300 ಹೋಗಿ 435 ಆಗುತ್ತದೆ. ತೋಟಕ್ಕೆ 30 ಜನ ತೆಗೆದರೆ ಗುಣಕ 2.45, ಮಾದರಿ 735. ಅದಕ್ಕೇ ಹೆಚ್ಚು ತೋಟ, ತೋಟಕ್ಕೆ ಕಡಿಮೆ ಜನ. 10 ಶೇಕಡಾ ಜನ ಸಿಗದೇ ಹೋಗಬಹುದು, 435ನ್ನು 0.9ರಿಂದ ಭಾಗಿಸಿ: 484.

ಈಗ ದಿನಗಳನ್ನು ಎಣಿಸಿ. ಕೆಲಸ ಬಿಟ್ಟ ಮೇಲೆ ಸಂಜೆ 2 ಸಂದರ್ಶನ, ವಾರದ ರಜೆಯ ದಿನ 5, ವಾರಕ್ಕೆ 17. 484ಕ್ಕೆ 28 ವಾರ ದಾಟುತ್ತದೆ. ಅರೇಬಿಕಾ ಹಣ್ಣು ನವೆಂಬರಿನಿಂದ, ರೊಬಸ್ಟಾ ಮಾರ್ಚ್‌ವರೆಗೆ. ಇಡೀ ಹಂಗಾಮು ಸೇರಿದರೂ 21 ವಾರ ಚಿಲ್ಲರೆ. ಒಂದು ಹಂಗಾಮಿನಲ್ಲಿ ಆಗದ ಕೆಲಸ. ‘ಜೂನ್‌ನಲ್ಲಿ ಕ್ಷೇತ್ರಕಾರ್ಯ’ ಎಂದು ಬರೆದ ಕಾಲಪಟ್ಟಿಯಂತೂ ನಮ್ಮ ಕಡೆಯವರ ಕಣ್ಣಿಗೆ ತಕ್ಷಣ ಬೀಳುತ್ತದೆ: ಮಳೆಯೂ ಜೋರು, ಕುಯ್ಲಿಗೆ ಬಂದವರು ಆ ಹೊತ್ತಿಗೆ ಊರಿಗೆ ಹೋಗಿರುತ್ತಾರೆ. ತಪ್ಪನ್ನು 7 ಶೇಕಡಾಕ್ಕೆ ಏರಿಸಿದರೆ 175, ಗುಣಕ ಸೇರಿ 254, ಸಿಗದವರಿಗಾಗಿ 283. 17 ವಾರದಲ್ಲಿ ಮುಗಿಯುತ್ತದೆ. ಅದನ್ನೇ ಬರೆದು ಕಾರಣ ಕೊಡಿ.

ಮೂಡಿಗೆರೆ, ಅರ್ಥಶಾಸ್ತ್ರ

ಲೆಕ್ಕ ಸರಿ ಸರ್, ಆದರೆ ಇದು ಒಂದು ಗುಂಪಿನ ಶೇಕಡಾವಾರು ಅಂದಾಜಿಗೆ. ನಾನು ಮೇಲೆ ಕೊಟ್ಟ ಪ್ರಶ್ನೆ ಎರಡು ಗುಂಪಿನ ಹೋಲಿಕೆ, ಅದಕ್ಕೆ ಯಮಾನೆ ಸಾಲುವುದಿಲ್ಲ.

ಚಿಕ್ಕಮಗಳೂರು, ಸಂಖ್ಯಾಶಾಸ್ತ್ರ

ಒಪ್ಪಿದೆ. ಪೂರ್ತಿ ಕೂಲಿ ಸಿಕ್ಕವರು ಒಂದು ಗುಂಪಿನಲ್ಲಿ 50, ಇನ್ನೊಂದರಲ್ಲಿ 65 ಶೇಕಡಾ ಎಂಬ ಅಂತರ ಹಿಡಿಯಬೇಕಾದರೆ (ಇಲ್ಲದ ಅಂತರ ಇದೆ ಎನ್ನುವ ಸಾಧ್ಯತೆ 5 ಶೇಕಡಾ, ಇರುವ ಅಂತರ ಪತ್ತೆಯಾಗುವ ಸಾಧ್ಯತೆ 80 ಶೇಕಡಾ) ಗುಂಪಿಗೆ 167 ಬೇಕು. ಅಂತರ 10ಕ್ಕೆ ಇಳಿದರೆ ಗುಂಪಿಗೆ 385, ಒಬ್ಬರ ಕೈಲಿ ಆಗುವ ಮಾತಲ್ಲ. ಪ್ರತಿ ತೋಟದಲ್ಲೂ ಎರಡೂ ಗುಂಪಿನವರನ್ನು ಸಮವಾಗಿ ತೆಗೆದುಕೊಳ್ಳಿ, ಆಗ ಮೇಲಿನ ಹಿಗ್ಗು ಹೋಲಿಕೆಯಲ್ಲಿ ಬಹುಮಟ್ಟಿಗೆ ಕರಗುತ್ತದೆ. ಒಟ್ಟು 334, ಸಿಗದವರಿಗಾಗಿ 372; ಎರಡು ಹಂಗಾಮಿಗೆ ಹಂಚಿ. ಯುಜಿಸಿ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ ಇದೆ, ಎರಡು ಹಂಗಾಮು ಹಿಡಿಸುತ್ತದೆ.

ಬೇಲೂರು, ಕನ್ನಡ

ನಡುವೆ ಬಾಯಿ ಹಾಕುತ್ತಿದ್ದೇನೆ. ಇದನ್ನು ಓದುವ ಸಾಹಿತ್ಯ, ಶಾಸನದ ವಿದ್ಯಾರ್ಥಿಗಳು ಸುಮ್ಮನೆ ಪ್ರಾಕ್ಕಲ್ಪನೆ ತುರುಕಬೇಡಿ. ‘ಹಾಸನ ಜಿಲ್ಲೆಯ ಶಾಸನಗಳಲ್ಲಿ ಸಮಾಜ ಪ್ರತಿಬಿಂಬಿತವಾಗಿದೆ’ ಅನ್ನುವುದನ್ನು ಸುಳ್ಳು ಮಾಡುವುದು ಹೇಗೆ? ಸುಳ್ಳು ಮಾಡಲು ಬಾರದ್ದು ಪ್ರಾಕ್ಕಲ್ಪನೆ ಅಲ್ಲ. ಅದರ ಬದಲು ಆಕರದ ಗಡಿ ಹೇಳಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ 5ನೇ ಸಂಪುಟ ಹಾಸನ. ಚಿಕ್ಕಮಗಳೂರು ಬೇಕಾದವರು 6ನೇ ಸಂಪುಟದಲ್ಲಿ ಕಡೂರು ಜಿಲ್ಲೆ ಎಂದು ಹುಡುಕಬೇಕು, ಆಗ ಜಿಲ್ಲೆಯ ಹೆಸರು ಅದೇ. ಯಾವ ಆವೃತ್ತಿ, ಯಾವ ಶತಮಾನ, ಯಾವ ಬಗೆಯ ಶಾಸನ, ಯಾವುದನ್ನು ಕೈಬಿಟ್ಟಿದ್ದೀರಿ, ಇಷ್ಟು ಬರೆದರೆ ಮಾದರಿ ಬರೆದ ಹಾಗೇ.

ಸಕಲೇಶಪುರ, ಸಮಾಜಕಾರ್ಯ

ವಿಧಾನದಲ್ಲಿ ಬಿಟ್ಟುಹೋಗುವ ಮೂರು ಸಂಗತಿ. ಒಂದು, ಭಾಷೆ. ಅಸ್ಸಾಂ ಕಡೆಯಿಂದ ಬಂದವರಿಗೆ ಕನ್ನಡದ ಪ್ರಶ್ನಾವಳಿ ಹಿಡಿದು ಹೋದರೆ ದುಭಾಷಿ ಬೇಕು, ಮತ್ತು ಆ ದುಭಾಷಿ ಮೇಸ್ತ್ರಿಯೇ ಆಗಿಬಿಡುತ್ತಾನೆ. ಮೇಸ್ತ್ರಿಯ ಕಡಿತದ ಬಗ್ಗೆ ಮೇಸ್ತ್ರಿಯ ಬಾಯಲ್ಲೇ ಉತ್ತರ! ಪ್ರಶ್ನಾವಳಿಯನ್ನು ಅವರ ಭಾಷೆಗೆ ಒಬ್ಬರಿಂದ ಅನುವಾದಿಸಿ, ಇನ್ನೊಬ್ಬರಿಂದ ವಾಪಸ್ ಕನ್ನಡಕ್ಕೆ ತರಿಸಿ, ಎರಡನ್ನೂ ಹೋಲಿಸುತ್ತೇನೆ ಎಂದು ಬರೆಯಿರಿ. ಹೊರಗಿನ ದುಭಾಷಿಯ ಖರ್ಚು ಬಜೆಟ್ಟಿನಲ್ಲಿ ಕಾಣಿಸಲಿ.

ಎರಡು, ಒಪ್ಪಿಗೆ. ಮಾಲೀಕರ ಅನುಮತಿ ತೋಟದ ಗೇಟು ದಾಟಲು ಮಾತ್ರ, ಕಾರ್ಮಿಕರ ಒಪ್ಪಿಗೆ ಬೇರೆಯೇ ಬೇಕು. ಓದು ಬಾರದವರಿಗೆ ಓದಿ ಹೇಳಿ, ಸಾಕ್ಷಿಯ ಎದುರು ಬಾಯಿಮಾತಿನ ಒಪ್ಪಿಗೆ. ರೈಟರ (ತೋಟದ ಲೆಕ್ಕ ಬರೆಯುವವರ) ಕಚೇರಿ ಜಗಲಿಯಲ್ಲಿ ಕೂತು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಅಂತಲೇ ಹೇಳುತ್ತಾರೆ. ಸಂದರ್ಶನದ ಜಾಗವನ್ನೂ ಬರೆಯಿರಿ. ಹೆಸರಿನ ಹಾಳೆ ಬೇರೆ, ಉತ್ತರದ ಹಾಳೆ ಬೇರೆ, ನಡುವೆ ಸಂಕೇತ ಸಂಖ್ಯೆ.

ಮೂರು, ಪ್ರಾಯೋಗಿಕ ಸಮೀಕ್ಷೆ, ಅಂದರೆ ಪ್ರಶ್ನಾವಳಿಯನ್ನು ಮೊದಲು ಪರೀಕ್ಷಿಸಿ ನೋಡುವುದು. ಮಾದರಿಗೆ ಸೇರದ ತೋಟದಲ್ಲಿ 25–30 ಜನ. 45 ನಿಮಿಷ ದಾಟಿದರೆ ಪ್ರಶ್ನೆ ಕಡಿಮೆ ಮಾಡಿ. ‘ತಿಂಗಳ ಆದಾಯ ಎಷ್ಟು’ ಅನ್ನುವ ಪ್ರಶ್ನೆ ಕುಯ್ಲಿನಲ್ಲಿ ಕೆಲಸಕ್ಕೆ ಬಾರದು, ಕಿಲೋ ಲೆಕ್ಕದ ಕೂಲಿ ದಿನದಿಂದ ದಿನಕ್ಕೆ ಬದಲು. ‘ನಿನ್ನೆ ಎಷ್ಟು ಕಿಲೋ, ಕೈಗೆ ಎಷ್ಟು ಬಂತು’ ಎಂದು ಕೇಳಿ.

ಕೇಳಿದವರು: ಹಾಸನ, ಸಮಾಜಶಾಸ್ತ್ರ

ಎಲ್ಲರಿಗೂ ವಂದನೆ. ಎರಡು ಅನುಮಾನ. ಪುಟ ಎಷ್ಟಿರಬೇಕು? ಮತ್ತು ಮೇಸ್ತ್ರಿ ತಂದವರ ಹೆಸರು ತೋಟದ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಆರಿಸುವುದು ಯಾವ ಪಟ್ಟಿಯಿಂದ? ಜನಗಣತಿ ಅಂಕಿ ಸಾಲದೇ?

ಮೂಡಿಗೆರೆ, ಅರ್ಥಶಾಸ್ತ್ರ

ನಿಮ್ಮ ವಿಶ್ವವಿದ್ಯಾಲಯದ ನಮೂನೆಯಲ್ಲಿ ಮಿತಿ ಇದ್ದರೆ ಅದೇ ಕೊನೆ ಮಾತು. ಇಲ್ಲವಾದರೆ 12–15 ಪುಟ: ಪೀಠಿಕೆ ಮತ್ತು ಸಮಸ್ಯೆ 2, ಸಮೀಕ್ಷೆ 3–4, ಉದ್ದೇಶ 1, ವಿಧಾನ 4–5, ಉಳಿದದ್ದು ಕಾಲಪಟ್ಟಿ, ಬಜೆಟ್, ಗ್ರಂಥಸೂಚಿ. ವಾಪಸ್ ಬರುವ ಸಿನಾಪ್ಸಿಸ್‌ಗಳಲ್ಲಿ ಸಾಮಾನ್ಯವಾಗಿ ಕಾಫಿಯ ಇತಿಹಾಸ, ಬಾಬಾಬುಡನ್ ಎಲ್ಲ 6 ಪುಟ, ವಿಧಾನ ಒಂದೂವರೆ ಪುಟ ಇರುತ್ತದೆ.

ಚಿಕ್ಕಮಗಳೂರು, ಸಂಖ್ಯಾಶಾಸ್ತ್ರ

2011ರ ಜನಗಣತಿ ಹಿನ್ನೆಲೆಗೆ ಮಾತ್ರ, ಹಂಗಾಮಿಗೆ ಬಂದು ಹೋಗುವವರು ಅದರಲ್ಲಿ ಸಿಗುವುದಿಲ್ಲ. ಪಟ್ಟಿ ನೀವೇ ಮಾಡಬೇಕು. ಆರಿಸಿದ ತೋಟಗಳಲ್ಲಿ ಮೊದಲ ವಾರ ಲೈನು, ಶೆಡ್ಡು ಮನೆಮನೆ ಎಣಿಸಿ, ಪ್ರತಿಯೊಬ್ಬರ ಎದುರು ‘ಮೇಸ್ತ್ರಿ’ ಅಥವಾ ‘ನೇರ’ ಎಂದು ಗುರುತು ಹಾಕಿ, ಎರಡು ಗುಂಪಿನಿಂದಲೂ ಚೀಟಿ ಎತ್ತಿ. ಒಂದು ತೋಟದಲ್ಲಿ ಒಂದೇ ಗುಂಪು ಸಿಕ್ಕರೆ ಅದನ್ನು ಬಿಟ್ಟು ಯಾವ ತೋಟಕ್ಕೆ ಹೋಗುತ್ತೀರಿ ಎಂಬುದನ್ನೂ ಸಿನಾಪ್ಸಿಸ್‌ನಲ್ಲೇ ಮೊದಲು ಬರೆದಿಡಿ. ಕ್ಷೇತ್ರಕ್ಕೆ ಹೋದ ಮೇಲೆ ತೀರ್ಮಾನಿಸಿದರೆ ಅನುಕೂಲಕ್ಕೆ ತಕ್ಕಂತೆ ಆರಿಸಿದಿರಿ ಅನ್ನುತ್ತಾರೆ. ಎಣಿಕೆಯ ಆ ಒಂದು ವಾರವನ್ನು ಎರಡೂ ಹಂಗಾಮಿನ ಕಾಲಪಟ್ಟಿಯಲ್ಲಿ ಬೇರೆ ಸಾಲಾಗಿ ಹಾಕಿ.