ಮೇಲ್ರೆಪ್ಪೆ ಜೋತುಬಿದ್ದಂತಿದೆ, ಏನು ಮಾಡಿದಿರಿ? ಅನುಭವ ಇದ್ದವರು ಹೇಳಿ

ಕೇಳಿದವರು:

ನನಗೀಗ 43. ಚಿಕ್ಕವಳಿದ್ದಾಗಿನಿಂದಲೂ ನನ್ನ ಮೇಲ್ರೆಪ್ಪೆ ಅಷ್ಟಾಗಿ ಕಾಣುತ್ತಿರಲಿಲ್ಲ. ಹುಬ್ಬಿನ ಕೆಳಗಿನ ಚರ್ಮ ಮಡಿಚಿಕೊಂಡು ರೆಪ್ಪೆಯ ಮೇಲೆ ಕೂತಿರುತ್ತದೆ. ಅಪ್ಪನಿಗೂ ಹಾಗೇ ಇತ್ತು. ಮೂರ್ನಾಲ್ಕು ವರ್ಷದಿಂದ ಇದು ಜಾಸ್ತಿ ಆಗಿದೆ. ಐಲೈನರ್ ಹಚ್ಚಿ ಅರ್ಧ ಗಂಟೆ ಆಗುವಷ್ಟರಲ್ಲಿ ಮೇಲಿನ ಚರ್ಮಕ್ಕೆ ಅದರ ಅಚ್ಚು ಬಿದ್ದಿರುತ್ತದೆ. ಎಂಟು ಗಂಟೆ ನಿದ್ದೆ ಮಾಡಿ ಬಂದರೂ "ಯಾಕೆ, ನಿದ್ದೆ ಆಗಿಲ್ವಾ?" ಅಂತ ಕೇಳುತ್ತಾರೆ. ಒಬ್ಬರು ಕ್ರೀಮ್ ಅನ್ನುತ್ತಾರೆ, ಒಬ್ಬರು ಬೊಟಾಕ್ಸ್, ಇನ್ನೊಬ್ಬರು ಸೀದಾ ಆಪರೇಷನ್. ಮಾಡಿಸಿಕೊಂಡವರೂ ಹೇಳಿ, ಬೇಡ ಅಂತ ಬಿಟ್ಟವರೂ ಹೇಳಿ.

ಎರಡು ವರ್ಷದ ಹಿಂದೆ ಆಪರೇಷನ್ ಮಾಡಿಸಿಕೊಂಡವರು:

ಏನು ಮಾಡಿಸಬೇಕು ಅನ್ನುವುದಕ್ಕಿಂತ ಮೊದಲು ಏನು ಇಳಿದಿದೆ ಅಂತ ನೋಡಿಕೊಳ್ಳಿ. ನನಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ.

ಕನ್ನಡಿ ಮುಂದೆ ಕೂತು ಕಣ್ಣು ಮುಚ್ಚಿ. ಹಣೆ ಪೂರ್ತಿ ಸಡಿಲ ಬಿಡಿ, ಬೇಕಿದ್ದರೆ ಅಂಗೈಯನ್ನು ಹಣೆಗೆ ಒತ್ತಿ ಹಿಡಿಯಿರಿ. ಈಗ ಹುಬ್ಬು ಎತ್ತದೆ ನಿಧಾನಕ್ಕೆ ಕಣ್ಣು ತೆರೆಯಿರಿ. ಆಗ ಕಾಣುವುದೇ ನಿಮ್ಮ ನಿಜವಾದ ಕಣ್ಣು. ನಮ್ಮಂಥವರು ಗೊತ್ತಿಲ್ಲದೆ ದಿನವಿಡೀ ಹಣೆಯ ಸ್ನಾಯುವಿನಿಂದ ಹುಬ್ಬನ್ನು ಎತ್ತಿ ಹಿಡಿದಿರುತ್ತೇವೆ. ಹಣೆಯ ಅಡ್ಡಗೆರೆಗಳು, ಸಂಜೆಯ ಹಣೆನೋವು ಎಷ್ಟೋ ಸಲ ಇದರಿಂದಲೇ ಬರುತ್ತವೆ.

ಆಮೇಲೆ ಬೆರಳಿನಿಂದ ಹುಬ್ಬನ್ನು ಅದರ ಮೂಳೆಯ ಅಂಚಿನವರೆಗೆ ಮೇಲೆ ಸರಿಸಿ. ಮಡಿಕೆ ಮಾಯವಾಯಿತಾ? ಹಾಗಾದರೆ ಇಳಿದಿರುವುದು ಮುಖ್ಯವಾಗಿ ಹುಬ್ಬು. ಹುಬ್ಬು ಜಾಗದಲ್ಲೇ ಇದ್ದೂ ಚರ್ಮ ತೂಗುತ್ತಿದ್ದರೆ ಅದು ಚರ್ಮದ್ದೇ ತಕರಾರು. ಚರ್ಮ ಎತ್ತಿ ಹಿಡಿದರೂ ರೆಪ್ಪೆಗೂದಲು ಇರುವ ಅಂಚೇ ಪಾಪೆಯ ಕಡೆ ಇಳಿದಿದ್ದರೆ ಅದು ಬೇರೆ ಕಥೆ, ಅದಕ್ಕೆ ಟೋಸಿಸ್ ಅನ್ನುತ್ತಾರೆ. ಎರಡು ಮೂರು ಒಟ್ಟಿಗೆ ಇರುವುದೂ ಉಂಟು. ನನಗೆ ಚರ್ಮವೂ ಹುಬ್ಬೂ ಎರಡೂ ಇತ್ತು.

ನಾನು ಮಾಡಿಸಿಕೊಂಡದ್ದು ಮೇಲ್ರೆಪ್ಪೆಯ ಬ್ಲೆಫರೋಪ್ಲಾಸ್ಟಿ, ಅಂದರೆ ಹೆಚ್ಚಾದ ಚರ್ಮ ಕತ್ತರಿಸಿ ತೆಗೆಯುವ ಆಪರೇಷನ್. ಮಲಗಿಸುವ ಮೊದಲು ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ನೇರ ಕೂರಿಸಿ, ಪೆನ್ನಿನಲ್ಲಿ ಗೆರೆ ಎಳೆದರು. ಮಲಗಿದರೆ ಚರ್ಮ ಹಿಂದಕ್ಕೆ ಜಾರಿ ಅಳತೆ ತಪ್ಪುತ್ತದಂತೆ. ಪುಟ್ಟ ಸ್ಕೇಲ್ ಇಟ್ಟು ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಅಳೆದರು. ಅಲ್ಲಿ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು, ಇಲ್ಲದಿದ್ದರೆ ಕಣ್ಣು ಮುಚ್ಚುವುದಕ್ಕೇ ಕಷ್ಟ. "ಇನ್ನೂ ಸ್ವಲ್ಪ ತೆಗೀಬಹುದಾ?" ಅಂತ ಕೇಳಿದೆ. "ಕಡಿಮೆ ಆದರೆ ಆಮೇಲೂ ತೆಗೆಯಬಹುದು, ತೆಗೆದದ್ದನ್ನು ವಾಪಸ್ ಇಡೋಕಾಗಲ್ಲ" ಅಂದರು. ಆ ಮಾತಿಗೇ ನಂಬಿಕೆ ಬಂತು.

ಆ ಭಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಅದು ಮಾತ್ರ ಚುರುಗುಟ್ಟುತ್ತದೆ. ಆಮೇಲೆ ನೋವಿಲ್ಲ, ಆದರೆ ಎಳೆಯುವುದು ಗೊತ್ತಾಗುತ್ತದೆ. ರಕ್ತ ನಿಲ್ಲಿಸಲು ಸುಡುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಗಾಬರಿ ಬೀಳಬೇಡಿ. ಎರಡೂ ಕಣ್ಣಿಗೆ ಸೇರಿ ಒಂದು ಗಂಟೆಯೊಳಗೆ ಮುಗಿಯಿತು.

ಎರಡನೇ ದಿನ ಬೆಳಿಗ್ಗೆ ಕನ್ನಡಿ ನೋಡಿ ಅತ್ತೆ. ಎರಡೂ ಕಣ್ಣು ಊದಿ, ನೀಲಿ, ಹೊಲಿಗೆಯ ದಾರ ಇರುವೆ ಸಾಲಿನ ಹಾಗೆ. ಹೇಳಿದ ಪ್ರಕಾರ ತಣ್ಣನೆ ಬಟ್ಟೆ ಇಡುತ್ತಿದ್ದೆ, ತಲೆ ಎತ್ತರಕ್ಕೆ ಇಟ್ಟು ಮಲಗುತ್ತಿದ್ದೆ. ರಾತ್ರಿ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಮುಲಾಮು ಹಾಕಿಕೊಂಡು ಮಲಗಬೇಕಿತ್ತು. ಆರನೇ ದಿನ ಹೊಲಿಗೆ ತೆಗೆದರು. ಹತ್ತು ಹನ್ನೆರಡು ದಿನಕ್ಕೆ ಹೊರಗೆ ಹೋಗುವ ಹಾಗಾಯಿತು. ಗಾಯದ ಗೆರೆ ರೆಪ್ಪೆಯ ಮಡಿಕೆಯೊಳಗೇ ಅಡಗಿಕೊಂಡಿತು, ಆದರೆ ಅದರ ಕೆಂಪು ಹೋಗುವುದಕ್ಕೆ ತಿಂಗಳುಗಳೇ ಬೇಕಾದವು. ಎಡಗಣ್ಣಿನ ಮಡಿಕೆ ಬಲಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ನನಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ.

ಇನ್ನೊಂದು. ಹುಬ್ಬೇ ಇಳಿದಿರುವಾಗ ರೆಪ್ಪೆಯ ಚರ್ಮವನ್ನಷ್ಟೇ ಕತ್ತರಿಸಿದರೆ ಹುಬ್ಬು ಇನ್ನಷ್ಟು ಕೆಳಗೆ ಬರಬಹುದು. ಅದಕ್ಕೆ ಹುಬ್ಬನ್ನೇ ಮೇಲೆತ್ತುವ ಬ್ರೋ ಲಿಫ್ಟ್ ಅಂತ ಬೇರೆಯೇ ಆಪರೇಷನ್ ಇದೆ. ನಾನು ಅದನ್ನು ಮಾಡಿಸಲಿಲ್ಲ, ಇಷ್ಟಕ್ಕೇ ಸಾಕು ಅನ್ನಿಸಿತು.

ಬೊಟಾಕ್ಸ್‌ನಿಂದ ಕೈ ಸುಟ್ಟುಕೊಂಡವರು:

ಹಣೆಯ ಗೆರೆ ಹೋಗಲಿ ಅಂತ ಒಂದು ಕಡೆ ಬೊಟಾಕ್ಸ್ ಹಾಕಿಸಿಕೊಂಡೆ. ಗೆರೆ ಹೋಯಿತು. ಹತ್ತು ದಿನದಲ್ಲಿ ಹುಬ್ಬು ಕಣ್ಣಿನ ಮೇಲೆ ಬಂದು ಕೂತಿತು! ಮೇಲೆ ಬರೆದವರು ಹೇಳಿದ್ದಾರಲ್ಲ, ಹಣೆಯ ಸ್ನಾಯು ಹುಬ್ಬನ್ನು ಎತ್ತಿ ಹಿಡಿದಿರುತ್ತದೆ ಅಂತ. ನನ್ನ ವಿಷಯದಲ್ಲಿ ಅದೇ ಸ್ನಾಯುವನ್ನು ಮಲಗಿಸಿಬಿಟ್ಟಿದ್ದರು. ಇಂಜೆಕ್ಷನ್ ಕೊಡುವ ಮೊದಲು ಯಾರೂ ನನ್ನ ರೆಪ್ಪೆಯನ್ನು ಮುಟ್ಟಿಯೂ ನೋಡಿರಲಿಲ್ಲ. ಇದನ್ನು ಕರಗಿಸುವ ಔಷಧಿ ಇಲ್ಲ, ಕಾಯಬೇಕು ಅಷ್ಟೇ. ಸರಿಹೋಗಲು ನನಗೆ ಮೂರು ತಿಂಗಳಾಯಿತು.

ಆಮೇಲೆ ಬೇರೆ ಡಾಕ್ಟರ ಹತ್ತಿರ ಸರಿಯಾದ ಜಾಗಕ್ಕೆ ಹಾಕಿಸಿಕೊಂಡೆ, ಅದನ್ನೂ ಹೇಳಬೇಕು. ಹುಬ್ಬಿನ ಹೊರತುದಿಯನ್ನು ಕೆಳಗೆ ಎಳೆಯುವ ಸ್ನಾಯುವಿಗೆ ಸ್ವಲ್ಪ ಹಾಕಿದರೆ ತುದಿ ಒಂದೆರಡು ಮಿಲಿಮೀಟರ್ ಏಳುತ್ತದೆ. ಚಿಕ್ಕ ವ್ಯತ್ಯಾಸ, ಆದರೆ ಕಾಣುತ್ತದೆ. ಮೂರ್ನಾಲ್ಕು ತಿಂಗಳಿಗೆ ಇಳಿದುಹೋಗುತ್ತದೆ, ಮತ್ತೆ ಹಾಕಿಸಬೇಕು. ಚರ್ಮ ಜಾಸ್ತಿ ಇದ್ದವರಿಗೆ ಇದರಿಂದ ಏನೂ ಆಗುವುದಿಲ್ಲ.

ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವವರು:

ಟೋಸಿಸ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ದಿನಾ ನೋಡುವುದು ಇದನ್ನೇ. ಸಾಮಾನ್ಯವಾಗಿ ಮೇಲ್ರೆಪ್ಪೆಯ ಅಂಚು ಕರಿಗುಡ್ಡೆಯ ಮೇಲ್ಭಾಗವನ್ನು ಒಂದೆರಡು ಮಿಲಿಮೀಟರ್ ಮುಚ್ಚಿರುತ್ತದೆ. ಪಾಪೆಯ ನಡುವಿನಿಂದ ಅಂಚಿನವರೆಗೆ 4-5 ಮಿಲಿಮೀಟರ್ ಇರಬೇಕು. ರೆಪ್ಪೆ ಎತ್ತುವ ಸ್ನಾಯುವಿನ ತುದಿ ಸಡಿಲವಾದರೆ ಆ ಅಂತರ ಕಡಿಮೆಯಾಗುತ್ತದೆ. ವಯಸ್ಸು ಒಂದು ಕಾರಣ. ವರ್ಷಾನುಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಲ್ಲಿ, ಅದರಲ್ಲೂ ಗಟ್ಟಿ ಲೆನ್ಸ್‌ನವರಲ್ಲಿ, ಅಲರ್ಜಿ ಅಂತ ಸದಾ ಕಣ್ಣು ಉಜ್ಜುವವರಲ್ಲಿ, ಕಣ್ಣಿನ ಆಪರೇಷನ್ ಆದವರಲ್ಲಿ ಕೂಡ ಕಾಣುತ್ತದೆ. ಇದಕ್ಕೆ ಚರ್ಮ ಕತ್ತರಿಸಿದರೆ ಪ್ರಯೋಜನ ಇಲ್ಲ, ಸ್ನಾಯುವನ್ನೇ ಬಿಗಿಮಾಡಬೇಕು.

ಆಕ್ಸಿಮೆಟಜೋಲಿನ್ 0.1% ಅಂತ ಒಂದು ಹನಿಮದ್ದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2020ರಲ್ಲಿ ಒಪ್ಪಿಗೆ ಕೊಟ್ಟಿತು. ರೆಪ್ಪೆಯೊಳಗಿನ ಇನ್ನೊಂದು ಚಿಕ್ಕ ಸ್ನಾಯುವನ್ನು ಕುಗ್ಗಿಸಿ ಸುಮಾರು ಒಂದು ಮಿಲಿಮೀಟರ್ ಎತ್ತುತ್ತದೆ, ಕೆಲವು ಗಂಟೆ ಮಾತ್ರ. ಇದು ಟೋಸಿಸ್‌ಗೆ, ಜೋತ ಚರ್ಮಕ್ಕಲ್ಲ. ಇದೇ ಔಷಧಿ ಮೂಗಿನ ಸ್ಪ್ರೇಯಲ್ಲೂ ಇದೆಯಲ್ಲ ಅಂತ ಅದನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ, ದಯವಿಟ್ಟು. (ಕೇಳಿದವರಿದ್ದಾರೆ, ಅದಕ್ಕೇ ಬರೆದೆ.)

ರೆಪ್ಪೆ ಇದ್ದಕ್ಕಿದ್ದ ಹಾಗೆ ಇಳಿದರೆ, ಅದರ ಜೊತೆ ಎರಡೆರಡು ಕಂಡರೆ, ತಲೆನೋವು ಬಂದರೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದೋ ಚಿಕ್ಕದೋ ಆದರೆ ಬ್ಯೂಟಿ ಕ್ಲಿನಿಕ್ ಅಲ್ಲ, ಅವತ್ತೇ ತುರ್ತು ಚಿಕಿತ್ಸೆಗೆ ಓಡಿ. ನರದ ತೊಂದರೆ, ಮೆದುಳಿನ ರಕ್ತನಾಳದ ಊತ ಕೂಡ ಹೀಗೆ ಶುರುವಾಗಬಹುದು.

ಅಕ್ಕನ ಕಥೆ ಹೇಳಿದವರು:

ನಮ್ಮಕ್ಕನಿಗೆ ಬೆಳಿಗ್ಗೆ ಕಣ್ಣು ಸರಿಯಾಗೇ ಇರುತ್ತಿತ್ತು. ಸಂಜೆ ಟಿವಿ ನೋಡುವಾಗ ಗಲ್ಲ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಅರೆಗಣ್ಣಲ್ಲಿ ನೋಡುತ್ತಿದ್ದಳು. ನಾವು ಸುಮ್ನೆ ಗೇಲಿ ಮಾಡುತ್ತಿದ್ದೆವು. ಚರ್ಮ ತೆಗೆಸೋಣ ಅಂತ ಹೋದಾಗ ಆ ಡಾಕ್ಟರು ಎರಡು ನಿಮಿಷ ಮುಚ್ಚಿದ ಕಣ್ಣಿನ ಮೇಲೆ ಐಸ್ ಪ್ಯಾಕ್ ಇಟ್ಟರು. ತೆಗೆದು ನೋಡಿದರೆ ರೆಪ್ಪೆ ಮೇಲೆದ್ದಿದೆ! ಮಯಸ್ತೇನಿಯಾ ಗ್ರೇವಿಸ್ (ಸ್ನಾಯುಗಳು ಬಳಸಿದಷ್ಟೂ ಬೇಗ ದಣಿಯುವ ಕಾಯಿಲೆ) ಅಂತ ಅನುಮಾನ ಬಂದು ರಕ್ತಪರೀಕ್ಷೆಗೆ ಕಳಿಸಿದರು. ಅದೇ ಆಗಿತ್ತು. ಆಪರೇಷನ್ ಬೇಕಾಗಲಿಲ್ಲ, ಮಾತ್ರೆಯಲ್ಲಿ ಸುಧಾರಿಸಿದೆ. ಗೇಲಿ ಮಾಡಿದ್ದಕ್ಕೆ ಈಗಲೂ ಬೇಜಾರಾಗುತ್ತದೆ.

ಏನೂ ಮಾಡಿಸದೆ ಇದ್ದವರು:

ನನ್ನದು ಹುಟ್ಟಿನಿಂದ ಬಂದದ್ದು. ಮೂಳೆಯ ಆಕಾರವೇ ಹಾಗೆ, ಕಾಯಿಲೆ ಏನಲ್ಲ. ಕ್ರೀಮಿಗೆ ಸುರಿದ ದುಡ್ಡು ಮಾತ್ರ ದಂಡ. ಚರ್ಮ ನುಣುಪಾಗುತ್ತದೆ, ಮೇಲೆ ಏಳುವುದಿಲ್ಲ.

ಮೇಕಪ್‌ನದೊಂದು ಉಪಾಯ ಹೇಳುತ್ತೇನೆ. ಎಲ್ಲರೂ ಕಣ್ಣು ಮುಚ್ಚಿ ಐಶ್ಯಾಡೋ ಹಚ್ಚುತ್ತಾರೆ, ತೆರೆದ ಕೂಡಲೇ ಅದು ಮಡಿಕೆಯೊಳಗೆ ಮಾಯ. ನೀವು ಕಣ್ಣು ತೆರೆದು ನೇರ ನೋಡುತ್ತಾ, ನಿಜವಾದ ಮಡಿಕೆಗಿಂತ ಸ್ವಲ್ಪ ಮೇಲೆ ಮಂಕು ಕಂದು ಬಣ್ಣದಲ್ಲಿ ಗೆರೆ ಎಳೆದು ಹರಡಿ. ಹೊಳೆಯುವ ಬಣ್ಣ ಬೇಡ, ಮಡಿಕೆಯನ್ನು ಉಬ್ಬಿಸಿ ತೋರಿಸುತ್ತದೆ. ರೆಪ್ಪೆಗೆ ಅಂಟಿಸುವ ಟೇಪ್ ಒಂದು ಸಂಜೆಗೆ ಪರವಾಗಿಲ್ಲ. ದಿನಾ ಅಂಟಿಸಿ ಕಿತ್ತರೆ ಚರ್ಮಕ್ಕೆ ಕೆರೆತ ಬರುತ್ತದೆ. ಮೈಯಲ್ಲೇ ಎಲ್ಲಕ್ಕಿಂತ ತೆಳು ಚರ್ಮ ಅದು, ನೆನಪಿರಲಿ.

ಕಣ್ಣಿನ ಆಸ್ಪತ್ರೆಯವರು ಮತ್ತೆ:

ಲೇಸರ್, ರೇಡಿಯೋಫ್ರೀಕ್ವೆನ್ಸಿ, ಅಲ್ಟ್ರಾಸೌಂಡ್ ಬಗ್ಗೆ ಬೇರೆ ಕಡೆ ಕೇಳಿದ್ದೀರಂತೆ. ಸ್ವಲ್ಪ ಸಡಿಲ ಇದ್ದವರಿಗೆ ಸ್ವಲ್ಪ ಬಿಗಿಯಾಗುತ್ತದೆ. ರೆಪ್ಪೆಗೂದಲಿನ ಮೇಲೆ ಚರ್ಮ ಕೂತಿದ್ದರೆ ಅಷ್ಟು ಸಾಲದು. ಕಂದು ಮೈಬಣ್ಣದವರಿಗೆ ಲೇಸರ್ ಆದಮೇಲೆ ಕಲೆ ಉಳಿಯುವ ಅಪಾಯವೂ ಜಾಸ್ತಿ. ಹುಬ್ಬಿನ ಕೆಳಗೆ ಫಿಲ್ಲರ್ (ಉಬ್ಬು ಕೊಡಲು ಚುಚ್ಚುವ ಜೆಲ್) ತುಂಬುವುದಕ್ಕೆ ನಾನಂತೂ ಹೆದರುತ್ತೇನೆ. ರಕ್ತನಾಳದೊಳಗೆ ಹೋದರೆ ಕಣ್ಣೇ ಹೋಗಬಹುದು. ಅಪರೂಪ ನಿಜ, ಆದರೆ ಹೋದ ದೃಷ್ಟಿ ವಾಪಸ್ ಬರುವುದು ಕಷ್ಟ.

ಚರ್ಮ ನೋಟಕ್ಕೇ ಅಡ್ಡ ಬರುತ್ತಿದ್ದರೆ ದೃಷ್ಟಿವಲಯದ ಪರೀಕ್ಷೆ ಕೇಳಿ. ರೆಪ್ಪೆ ಹಾಗೇ ಬಿಟ್ಟು ಒಮ್ಮೆ, ಟೇಪಿನಿಂದ ಎತ್ತಿ ಒಮ್ಮೆ ಮಾಡುತ್ತಾರೆ. ವ್ಯತ್ಯಾಸ ಕಂಡರೆ ಅದು ಬರೀ ಅಂದದ ವಿಷಯ ಅಲ್ಲ ಅನ್ನುವುದಕ್ಕೆ ದಾಖಲೆ ಸಿಗುತ್ತದೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಹಣೆಗೆ ಅಂಗೈ ಒತ್ತಿ ಕಣ್ಣು ತೆರೆದೆ. ಕನ್ನಡಿಯಲ್ಲಿ ಅಪ್ಪ ಕೂತಿದ್ದರು! ಹುಬ್ಬು ಎತ್ತಿದರೆ ಅರ್ಧ ಹೋಗುತ್ತದೆ, ಇನ್ನರ್ಧ ಚರ್ಮ. ರೆಪ್ಪೆಯ ಅಂಚು ಪಾಪೆಗೆ ತಾಗಿಲ್ಲ. ರೆಪ್ಪೆ, ಹುಬ್ಬುಗಳನ್ನೇ ನೋಡುವ ಆಕ್ಯುಲೋಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಮುಂದಿನ ವಾರ ನೋಡುತ್ತೇನೆ. ಒಂದು ಅನುಮಾನ ಉಳಿದಿದೆ. ನನಗೆ ಕಣ್ಣು ಒಣಗುವ ತೊಂದರೆ ಇದೆ, ದಿನಾ ಹನಿ ಹಾಕುತ್ತೇನೆ. ಆಪರೇಷನ್‌ಗೆ ಇದು ಅಡ್ಡಿಯಾ?

ಆಪರೇಷನ್ ಮಾಡಿಸಿಕೊಂಡವರು:

ಅಡ್ಡಿ ಅಂತಲ್ಲ, ಆದರೆ ಮೊದಲ ಮಾತೇ ಅದಾಗಿರಲಿ. ಆಪರೇಷನ್ ಆದಮೇಲೆ ಒಣಗುವುದು ಜಾಸ್ತಿ ಆಗಬಹುದು, ನನಗೆ ಎರಡು ತಿಂಗಳು ಕಾಡಿತು. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕಣ್ಣೀರು ಅಳೆಯುತ್ತಾರೆ, ಅದನ್ನು ಮಾಡಿಸಿ. ಕನ್ನಡಕ ಬಿಡಲು ಲೇಸಿಕ್ ಅನ್ನುವ ಲೇಸರ್ ಚಿಕಿತ್ಸೆ ಮಾಡಿಸಿದ್ದರೆ ಅದನ್ನೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ, ಆಸ್ಪಿರಿನ್, ಮೀನೆಣ್ಣೆ ಕ್ಯಾಪ್ಸೂಲ್, ಏನೇ ನುಂಗುತ್ತಿದ್ದರೂ ಪಟ್ಟಿ ಬರೆದುಕೊಂಡು ಹೋಗಿ, ನೀವಾಗಿಯೇ ನಿಲ್ಲಿಸಬೇಡಿ. ಇಪ್ಪತ್ತರ ವಯಸ್ಸಿನ ಒಂದು ಫೋಟೋನೂ ಇಟ್ಟುಕೊಂಡಿರಿ. ನನ್ನ ಡಾಕ್ಟರು ಗೆರೆ ಎಳೆಯುವ ಮೊದಲು ಕೇಳಿದ್ದು ಅದನ್ನೇ.